ಸೊಂಟದ ಕೀಲು ಬದಲಿಸಿಕೊಂಡವರು ಮನೆಗೆ ಬರುವಾಗ

ನಮ್ಮ ಮನೆಗಳಲ್ಲಿ ಊಟ, ಪೂಜೆ, ತರಕಾರಿ ಹೆಚ್ಚುವುದು, ಶೌಚ ಇವೆಲ್ಲ ಇಂದಿಗೂ ಬಹುಮಟ್ಟಿಗೆ ನೆಲದ ಮೇಲೆಯೇ ನಡೆಯುವುದರಿಂದ, ಸೊಂಟದ ಕೀಲು ಬದಲಿಸಿಕೊಂಡವರ ಆರೈಕೆ ಅವರು ಆಸ್ಪತ್ರೆಯಿಂದ ಹೊರಡುವ ಮೊದಲೇ ಆರಂಭವಾಗಬೇಕು. ಕುಳಿತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರದಷ್ಟು ಎತ್ತರದ, ಕೈಗಳಿರುವ ಗಟ್ಟಿ ಕುರ್ಚಿಯನ್ನು ಹೊಂದಿಸಿಡಿ. ಮಂಚವೂ ಎತ್ತರವಾಗಿರಲಿ, ಕಮೋಡ್ ತಗ್ಗಾಗಿದ್ದರೆ ಅದರ ಮೇಲೆ ಕೂರಿಸುವ ಎತ್ತರದ ಸೀಟನ್ನು ತನ್ನಿ. ಜಾರುವ ಕಾಲೊರಸುಗಳನ್ನು ತೆಗೆದುಬಿಡಿ.

ಕೀಲಿನ ಹಿಂಬದಿಯಿಂದ ಶಸ್ತ್ರಚಿಕಿತ್ಸೆ ಮಾಡಿದ್ದರೆ, ಸುತ್ತಲಿನ ಸ್ನಾಯುಗಳು ಕೂಡಿಕೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ 6ರಿಂದ 12 ವಾರ, ಹೊಸ ಕೀಲಿನ ಚೆಂಡಿನಂಥ ಭಾಗ ಅದು ಕೂರುವ ಬಟ್ಟಲಿನಿಂದ ಜಾರುವ ಭಯ ಹೆಚ್ಚು. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಕ್ಕೆ ತಿರುಗಿಸುವುದು ಈ ಅವಧಿಯಲ್ಲಿ ಕೂಡದು. ಮುಂಬದಿಯಿಂದ ಮಾಡಿದ ಶಸ್ತ್ರಚಿಕಿತ್ಸೆಗೆ ನಿಯಮಗಳು ಬೇರೆ; ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ದೇವರಿಗೆ ಅಡ್ಡಬೀಳುವ ರೂಢಿಯಿರುವ ಹಿರಿಯರನ್ನು ಒಪ್ಪಿಸುವುದು ಸುಲಭವಲ್ಲ. ದೇವರ ಪಟವನ್ನೇ ಕುರ್ಚಿಯೆದುರಿನ ಮೇಜಿನ ಮೇಲಿಟ್ಟರೆ ವಾದ ತಪ್ಪುತ್ತದೆ.

ಮಗ್ಗುಲಾಗಿ ಮಲಗಲು ಅನುಮತಿ ಸಿಕ್ಕ ಮೇಲೂ ಎರಡು ತೊಡೆಗಳ ನಡುವೆ ದಿಂಬು ಇರಲಿ. ಪಂಚೆಯಾಗಲಿ ಸೀರೆಯಾಗಲಿ ತೊಂದರೆಯಿಲ್ಲ, ಆದರೆ ಪ್ಯಾಂಟ್ ತೊಡಿಸುವಾಗ ಶಸ್ತ್ರಚಿಕಿತ್ಸೆಯಾದ ಕಾಲನ್ನು ಮೊದಲು ಹಾಕಿ, ತೆಗೆಯುವಾಗ ಅದನ್ನು ಕೊನೆಗೆ ಬಿಡಿಸಿ.

ನಡೆಯುವಾಗ ಮೊದಲು ವಾಕರ್, ಬಳಿಕ ಶಸ್ತ್ರಚಿಕಿತ್ಸೆಯಾದ ಕಾಲು, ಆಮೇಲೆ ಚೆನ್ನಾಗಿರುವ ಕಾಲು ಮುಂದೆ ಬರಬೇಕು. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ರಕ್ತ ಹೆಪ್ಪುಗಟ್ಟದಿರಲು ಮಲಗಿದ್ದಾಗಲೂ ಪಾದವನ್ನು ಗಂಟೆಗೊಮ್ಮೆ ಹತ್ತಾರು ಬಾರಿ ಮೇಲೆ ಕೆಳಗೆ ಆಡಿಸಬೇಕು. ಇದೇ ಕಾರಣಕ್ಕೆ ಕೊಟ್ಟಿರುವ ಮಾತ್ರೆ ಅಥವಾ ಇಂಜೆಕ್ಷನ್ನನ್ನು, ಈಗ ಹುಷಾರಾಗಿದ್ದಾರಲ್ಲ ಎಂದು ಮನೆಯವರೇ ನಿಲ್ಲಿಸುವುದು ನಾನು ಕಂಡಂತೆ ಅತ್ಯಂತ ಅಪಾಯದ ತಪ್ಪು.

ಹೊಲಿಗೆಯನ್ನು ಸುಮಾರು ಎರಡು ವಾರಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಗಾಯ ಒಣಗಿರಲಿ, ಎಣ್ಣೆ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಗಾಯದಿಂದ ಕೀವು, ಜ್ವರ, ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅಥವಾ ತೀವ್ರ ನೋವಿನೊಂದಿಗೆ ಕಾಲು ಗಿಡ್ಡವಾಗಿ ತಿರುಚಿಕೊಂಡಂತೆ ಕಂಡರೆ, ಅವರನ್ನು ನಡೆಸದೆ 108ಕ್ಕೆ ಕರೆ ಮಾಡಿ. ವರ್ಷಗಳ ನಂತರ ಹಲ್ಲು ಕೀಳಿಸಬೇಕಾಗಿ ಬಂದರೂ ದಂತವೈದ್ಯರಿಗೆ ಈ ಕೀಲಿನ ವಿಷಯವನ್ನು ಮೊದಲೇ ತಿಳಿಸಿ.