ಕೆಂಪಾದ ಹಳೇ ಫೋಟೊಗೆ ಬಣ್ಣ ಮರಳಿಸುವುದು ಹೇಗೆ?

ಮುನಿರಾಬಾದಿನ ಡ್ಯಾಂ ಮುಂದೆ ಸಾಲಾಗಿ ನಿಂತ ಮನೆಮಂದಿ, ಹುಲಿಗಿ ಜಾತ್ರೆಯಲ್ಲಿ ತೆಗೆಸಿದ ಮಗುವಿನ ಜವಳದ ಚಿತ್ರ. ಎಪ್ಪತ್ತು, ಎಂಬತ್ತರ ದಶಕದ ಇಂಥ ಕಲರ್ ಫೋಟೊಗಳು ಕೊಪ್ಪಳ, ರಾಯಚೂರು ಕಡೆಯ ಟ್ರಂಕುಗಳಲ್ಲಿ ಕೆಂಪಗೆ ತಿರುಗಿ ಕೂತಿವೆ. ಕಲರ್ ಪ್ರಿಂಟಿನಲ್ಲಿ ಹಳದಿ, ಮೆಜೆಂಟಾ (ನೇರಳೆಗೆಂಪು), ಸಯಾನ್ (ಹಸಿರು ಮಿಶ್ರಿತ ನೀಲಿ) ಎಂಬ ಮೂರು ಬಣ್ಣಗಳ ಪದರ ಇರುತ್ತದೆ. ಆ ಕಾಲದ ಬಹುತೇಕ ಕಾಗದಗಳಲ್ಲಿ ಕತ್ತಲಲ್ಲಿಟ್ಟರೂ ಸಯಾನ್ ಮೊದಲು ಮಾಸುತ್ತದೆ, ಅದು ಮಾಸಿದಷ್ಟೂ ಕೆಂಪು ಎದ್ದು ಕಾಣುತ್ತದೆ. ಬೇಸಿಗೆ ನಲವತ್ತು ಡಿಗ್ರಿ ದಾಟುವ ನಮ್ಮೂರುಗಳಲ್ಲಿ ಇನ್ನೂ ಬೇಗ. ಆದರೆ ಪೂರ್ತಿ ಹೋಗಿರುವುದು ಅಪರೂಪ. ಉಳಿದಷ್ಟನ್ನು ಸ್ಕ್ಯಾನರ್ ಹಿಡಿಯುತ್ತದೆ.

ಮೊದಲು ಧೂಳು. ಬಟ್ಟೆಯಿಂದ ಒರೆಸಲೇಬೇಡಿ. ಬಳ್ಳಾರಿ, ಸಂಡೂರು ಕಡೆಯ ಅದಿರಿನ ಧೂಳು ಒರೆಸಿದಷ್ಟೂ ಫೋಟೊವನ್ನು ಗೀರುತ್ತದೆ. ರಬ್ಬರ್ ಬ್ಲೋವರ್‌ನಿಂದ ಊದಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ‘ಹಾಳಾಗಬಾರದು’ ಎಂದು ಲ್ಯಾಮಿನೇಷನ್ ಮಾಡಿಸುವವರಿದ್ದಾರೆ, ದಯವಿಟ್ಟು ಬೇಡ. ಆ ಬಿಸಿ ಮತ್ತು ಅಂಟು ಫೋಟೊವನ್ನು ಮತ್ತೆ ಬಿಡುವುದಿಲ್ಲ.

ಇನ್ನು ಸ್ಕ್ಯಾನ್. ಝೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್ ಮಾಡಿಸಿ ವಾಟ್ಸ್ಯಾಪ್‌ಗೆ ಹಾಕಿಸಿಕೊಂಡ ಚಿತ್ರದಿಂದ ಹೆಚ್ಚೇನೂ ಆಗದು. ಫ್ಲಾಟ್‌ಬೆಡ್ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕೆ), 48 ಬಿಟ್ ಕಲರ್, ವಿವರ ಕಳೆಯದೆ ಉಳಿಸುವ ಟಿಫ್ ಫೈಲ್, ಆಟೊ ಕರೆಕ್ಷನ್ ಆಫ್: ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು, ಪೆನ್‌ಡ್ರೈವ್ ಹಿಡಿದು ಹೋಗಿ. ಹಿಂಬದಿಯಲ್ಲಿ ಹೆಸರು, ತಾರೀಖು ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ.

ನಿಜವಾದ ಕೆಲಸ ಇರುವುದು ಮುಂದೆ. ಬಹಳ ಜನ ಕೆಡಿಸುವುದೂ ಇಲ್ಲೇ. ಕಂಪ್ಯೂಟರಿನಲ್ಲಿ ಫೋಟೊ ತಿದ್ದಲು ಪುಕ್ಕಟೆ ಸಿಗುವ ಗಿಂಪ್ ಸಾಫ್ಟ್‌ವೇರ್ ಸಾಕು. ಮೊದಲು ಫೋಟೊದ ಬಿಳಿ ಅಂಚು ಬಿಟ್ಟು ಒಳಭಾಗವನ್ನಷ್ಟೇ ಸೆಲೆಕ್ಟ್ ಮಾಡಿ, ಇಲ್ಲವಾದರೆ ಆ ಅಂಚೇ ಲೆಕ್ಕ ತಪ್ಪಿಸುತ್ತದೆ. ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆದರೆ ಗುಡ್ಡದಂಥ ನಕ್ಷೆ ಕಾಣುತ್ತದೆ, ಎಡತುದಿ ಕಡುಕಪ್ಪು, ಬಲತುದಿ ಬಿಳುಪು. ಅದು ತೆರೆದಾಗ ‘ವ್ಯಾಲ್ಯೂ’ ಮೇಲಿರುತ್ತದೆ. ಅದನ್ನೇ ಎಳೆದರೆ ಕಾಂಟ್ರಾಸ್ಟ್ ಏರುತ್ತದೆ, ಜೊತೆಗೆ ಕೆಂಪೂ ಏರುತ್ತದೆ. ಅದನ್ನು ಬಿಟ್ಟು ಕೆಂಪು ಬಣ್ಣವೊಂದರದೇ ಚಾನೆಲ್ ಆದ ‘ರೆಡ್’ ಆರಿಸಿ. ಗುಡ್ಡವೆಲ್ಲ ಬಲಕ್ಕೆ ಒತ್ತಿಕೊಂಡು ಎಡಭಾಗ ಖಾಲಿ ಬಿದ್ದಿರುತ್ತದೆ. ಸಯಾನ್ ಮಾಸಿದ್ದರ ಗುರುತು ಅದು. ನಕ್ಷೆಯ ಕೆಳಗಿನ ಕಪ್ಪು ತ್ರಿಕೋನವನ್ನು ಗುಡ್ಡದ ಬುಡದವರೆಗೆ ತಂದು ಅಲ್ಲೇ ನಿಲ್ಲಿಸಿ. ಒಳಗೆ ನುಗ್ಗಿಸಿದರೆ ಕೂದಲ ಎಳೆಗಳು ಒಂದೇ ಮುದ್ದೆಯಾಗುತ್ತವೆ. ಆಮೇಲೆ ‘ಗ್ರೀನ್’, ‘ಬ್ಲೂ’ ಚಾನೆಲ್‌ಗಳಿಗೂ ಎಡ ಬಲ ಎರಡೂ ತುದಿ ಹೀಗೇ ಸರಿಪಡಿಸಿ.

ಸಾಮಾನ್ಯ ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ 256 ಮೆಟ್ಟಿಲು ಮಾತ್ರ. ಕೆಂಪಿನ ಗುಡ್ಡ ಅದರಲ್ಲಿ 60 ಮೆಟ್ಟಿಲಲ್ಲಿ ಕೂತಿದ್ದರೆ, ಎಳೆದು ಹರಡಿದಾಗ ಕೆನ್ನೆ ಮೇಲೆ ಪಟ್ಟೆ ಏಳುತ್ತದೆ. 48 ಬಿಟ್ ಬೇಕು ಅಂದದ್ದು ಇದಕ್ಕೇ.

ಕೊನೆಗೆ ನಡುವಿನ ಬೂದು ತ್ರಿಕೋನ. ಇದನ್ನು ಕಣ್ಣಂದಾಜಿನಲ್ಲಿ ಆಡಿಸಬೇಡಿ, ಫೋಟೊದಲ್ಲೇ ಸಾಕ್ಷಿ ಹುಡುಕಿ. ಅಜ್ಜನ ಹಣೆಯಲ್ಲಿ ದಪ್ಪಗೆ ಬಳಿದ ವಿಭೂತಿ ಇದೆಯೇ? ಕಲರ್ ಪಿಕರ್ ಅಲ್ಲಿಟ್ಟರೆ ಕೆಂಪು, ಹಸಿರು, ನೀಲಿಯ ಅಂಕಿಗಳು ಹೆಚ್ಚುಕಡಿಮೆ ಸಮ ಬರಬೇಕು. ಬರುವವರೆಗೆ ಒಂದೊಂದೇ ಚಾನೆಲ್‌ನ ಬೂದು ತ್ರಿಕೋನ ಸರಿಸಿ. ಧೋತರವನ್ನು ನಂಬಬೇಡಿ, ನೀಲಿ ಹಾಕಿ ಒಗೆದಿರುತ್ತಾರೆ. ಅಜ್ಜಿ ಉಟ್ಟ ಇಳಕಲ್ ಸೀರೆ ಇನ್ನೂ ಮನೆಯಲ್ಲಿದ್ದರೆ ತಂದು ಪಕ್ಕಕ್ಕಿಟ್ಟು ನೋಡಿ. ಅದರ ‘ಟೋಪ್ ತೆನಿ’ ವಿನ್ಯಾಸದ ಸೆರಗು ಕೆಂಪೇ. ಫೋಟೊದ ಕೆಂಪು ತೆಗೆಯುವ ಭರದಲ್ಲಿ ಅದು ಕಂದು ಆಗಬಾರದು.

ಗೀರು, ಚುಕ್ಕೆಗಳಿಗೆ ಹೀಲ್ ಟೂಲ್ ಇದೆ. ಚಿತ್ರದ ಲೇಯರನ್ನು ನಕಲು ಮಾಡಿಕೊಂಡು ಆ ನಕಲಿನ ಮೇಲೆ ಮಾಡಿ.

ಒಂದೇ ಒತ್ತಿಗೆ ಮುಖ ಸ್ಪಷ್ಟ ಮಾಡುವ ಎಐ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ. ಮಸುಕಾದ ಕಡೆ ಅವು ಊಹಿಸಿ ಹೊಸ ಮುಖ ಬರೆಯುತ್ತವೆ. ಮೂಗುತಿಯನ್ನೂ ಗಲ್ಲದ ಹಚ್ಚೆಯನ್ನೂ ಕಲೆಯೆಂದು ಅಳಿಸಿ, ದುಡಿದ ಮೈಬಣ್ಣವನ್ನು ಬೆಳ್ಳಗೆ ಮಾಡಿಬಿಡುತ್ತವೆ. ಮಸುಕಾಗಿದ್ದರೂ ಅಜ್ಜಿಯದೇ ಮುಖ ಇರಲಿ.

ಪ್ರಿಂಟ್ ಹಾಕಿಸುವಾಗ ಮ್ಯಾಟ್ ಕಾಗದ ಕೇಳಿ. ತಿದ್ದಿದ್ದನ್ನು ಬೇರೆ ಹೆಸರಲ್ಲಿ ಉಳಿಸಿ, ಮೊದಲ ಟಿಫ್ ಫೈಲನ್ನು ಮುಟ್ಟದೆ ಎರಡು ಕಡೆ ಇಟ್ಟುಕೊಳ್ಳಿ. ಬಂಧುಗಳಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.