ಸ್ಪ್ರೇಯರ್ ಇಲ್ಲದೆ ಲಿಪಿಡ್ ಇಮೇಜಿಂಗ್: ನನ್ನ ಅನುಭವ

ಮಾಲ್ಡಿ ಅಂದರೆ ಅಂಗಾಂಶದ ತೆಳು ಕೊಯ್ತಕ್ಕೆ ಲೇಸರ್ ಹೊಡೆದು, ಲಿಪಿಡ್‌ನಂಥ (ಕೊಬ್ಬಿನಂಥ) ಅಣುಗಳನ್ನು ತೂಕದ ಮೇಲೆ ಗುರುತಿಸಿ, ಎಲ್ಲೆಲ್ಲಿವೆ ಎಂದು ಚಿತ್ರಿಸುವ ವಿಧಾನ. ಕಲಬುರಗಿಯಲ್ಲಿ ಕೂತು ಮಾಲ್ಡಿ ಸ್ಲೈಡ್ ಮಾಡಲಾಗದು ಅಂದವರೇ ಹೆಚ್ಚು. ಆಯಿತು, ಚೆನ್ನಾಗಿಯೇ ಆಯಿತು. ಯಂತ್ರ ಬೇರೆ ಊರಿನದು, ಗಂಟೆ ಲೆಕ್ಕದ ಬಾಡಿಗೆ; ಸ್ಲೈಡ್ ಮಾತ್ರ ಪೂರಾ ಇಲ್ಲಿಯದೇ.

ಮೊದಲ ಏಳೆಂಟು ಸ್ಲೈಡ್ ಹಾಳಾದವು. ಕುರಿ ಮೆದುಳನ್ನು ಓಸಿಟಿಯಲ್ಲಿ (ಕೊಯ್ಯುವ ಮುನ್ನ ಅಂಗಾಂಶವನ್ನು ಹುದುಗಿಸುವ ಅಂಟು ದ್ರವ) ಹುದುಗಿಸಿದ್ದೇ ತಪ್ಪು, ಆ ಪಾಲಿಮರ್ ಲಿಪಿಡ್ ಸಿಗ್ನಲ್ಲನ್ನೇ ನುಂಗಿತು. ಈಗ ಬುಡಕ್ಕೆ ನಾಲ್ಕು ಹನಿ ನೀರು ಹಾಕಿ ಕೊಯ್ಯುವ ಯಂತ್ರದ ಹಿಡಿತಟ್ಟೆಗೆ (ಚಕ್) ಹೆಪ್ಪುಗಟ್ಟಿಸಿ, ಮೈನಸ್ 20ರಲ್ಲಿ 12 ಮೈಕ್ರಾನ್ ಕೊಯ್ಯುತ್ತೇನೆ. ಮಳೆಗಾಲದಲ್ಲಿ ಫ್ರೀಜರಿನಿಂದ ತೆಗೆದ ಸ್ಲೈಡ್ ಡಬ್ಬಿಯನ್ನು ಕೂಡಲೇ ಬಿಚ್ಚಿದರೆ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ, ಬಿಳಿ-ಬೂದು ಭಾಗದ ಗಡಿ ಕಲಸಿಹೋಗುತ್ತದೆ. ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು ಮುಕ್ಕಾಲು ಗಂಟೆ ಕಾಯಲೇಬೇಕು.

ಲೇಸರ್ ಹೊಡೆಯುವ ಮುನ್ನ ಕೊಯ್ತದ ಮೇಲೆ ಮ್ಯಾಟ್ರಿಕ್ಸ್ ಕೂರಿಸಬೇಕು; ಲೇಸರ್ ಶಕ್ತಿ ಹೀರಿ ಅಣುಗಳನ್ನು ಅಯಾನು ಮಾಡುವ ರಾಸಾಯನಿಕ ಅದು. ಅದನ್ನು ಸಿಂಪಡಿಸುವ ಸ್ಪ್ರೇಯರ್‌ಗೆ ಲಕ್ಷಗಟ್ಟಲೆ ಬೇಕು. ಬದಲಿಗೆ ಮ್ಯಾಟ್ರಿಕ್ಸನ್ನು ನಿರ್ವಾತದಲ್ಲಿ ಕಾಯಿಸಿ ಆವಿಯಾಗಿ ಸ್ಲೈಡಿಗೆ ಕೂರಿಸುವ ಗಾಜಿನ ಸಬ್ಲಿಮೇಟರ್, ಹಳೆಯ ರೋಟರಿ ಪಂಪ್, ಮರಳಿನ ಹಾಸು, ಎಲ್ಲ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಯಿತು. ಗಾಜಿನ ಜೋಡಣೆಗೆ ಸಿಲಿಕೋನ್ ಗ್ರೀಸ್ ಹಚ್ಚಿದ್ದಕ್ಕೆ ಸ್ಪೆಕ್ಟ್ರಮ್ (ಅಣುಗಳ ತೂಕದ ನಕ್ಷೆ) ತುಂಬ 74ರ ಅಂತರದ ಗ್ರೀಸಿನ ಶಿಖರಗಳು ಬಂದವು; ಎರಡು ಗಂಟೆಯ ಬಾಡಿಗೆ ಮಣ್ಣುಪಾಲು. ಆಮೇಲೆ ಒಣ ವಿಟಾನ್ ರಬ್ಬರ್ ರಿಂಗ್ ಮಾತ್ರ. ನನ್ನ ಮ್ಯಾಟ್ರಿಕ್ಸ್ ಡಿಎಚ್‌ಬಿ, ಸುಮಾರು 300 ಮಿಗ್ರಾಂ, 115–120 ಡಿಗ್ರಿ, ಎಂಟು ನಿಮಿಷದ ಆಸುಪಾಸು. ಗಡಿಯಾರಕ್ಕಿಂತ ತಕ್ಕಡಿ ನಂಬಿ: ಪೂರ್ತಿ ಸ್ಲೈಡ್ 3–4 ಮಿಗ್ರಾಂ ಏರಬೇಕು. ಅದು ಮುಟ್ಟಿದರೆ ನೋಡಲು ನುಣ್ಣನೆ ಹಿಟ್ಟು ಜರಡಿ ಹಿಡಿದಂತಿರುತ್ತದೆ. ನಂತರ ಅಸಿಟಿಕ್ ಆಮ್ಲದ ಆವಿ ಕೊಡುತ್ತೇನೆ. ಎಷ್ಟು ಹೊತ್ತು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲಿಪಿಡ್‌ಗಳ ಸಂಯೋಜನೆ ಅಳೆಯುವಾಗ ಎಡವಿಸುವುದು 782.57ರ ತೂಕದ (m/z) ಶಿಖರ. ಪಿಸಿ ಅಂದರೆ ಫಾಸ್ಫಾಟಿಡಿಲ್‌ಕೋಲಿನ್ ಎಂಬ ಪೊರೆಯ ಲಿಪಿಡ್; ಪಕ್ಕದ ಅಂಕೆಗಳು ಅದರ ಕೊಬ್ಬಿನ ಬಾಲಗಳ ಕಾರ್ಬನ್ ಮತ್ತು ಜೋಡಿ ಬಂಧಗಳ ಎಣಿಕೆ. ಪಿಸಿ 34:1ರ ಸೋಡಿಯಂ ಅಯಾನೂ ಪಿಸಿ 36:4ರ ಪ್ರೋಟಾನ್ ಅಯಾನೂ ಅಲ್ಲೇ ಬಂದು ಕೂರುತ್ತವೆ, ನಡುವೆ ಬರೀ 0.0024 ಅಂತರ. ಮ್ಯಾಟ್ರಿಕ್ಸ್‌ಗೆ ಮೊದಲೇ ತಣ್ಣನೆಯ 50 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್‌ನಲ್ಲಿ ಮೂರು ಸಲ ಅದ್ದಿದರೆ ಉಪ್ಪು ಇಳಿದು 34:1ರ ಪ್ರೋಟಾನ್ ಶಿಖರ 760.6 ಏರುತ್ತದೆ, 782ರಲ್ಲಿ ಉಳಿದದ್ದು ಬಹುಪಾಲು ಖರೇ 36:4. ಇನ್ನು ಪಿಸಿ, ಪಿಇ (ಫಾಸ್ಫಾಟಿಡಿಲ್‌ಎಥನಾಲಮೀನ್, ಇನ್ನೊಂದು ಪೊರೆಯ ಲಿಪಿಡ್) ಸಮಪಾಲು ಬೆರೆಸಿ ಚುಕ್ಕೆ ಇಟ್ಟರೂ ಧನ ಅಯಾನುಗಳನ್ನು ಅಳೆಯುವ ಪಾಸಿಟಿವ್ ಮೋಡ್‌ನಲ್ಲಿ ಪಿಇ ನೆಲಕ್ಕೇ ಅಂಟಿರುತ್ತದೆ. ಹಾಗಾಗಿ ಶಿಖರದ ಎತ್ತರವನ್ನೇ ಪಾಲು ಅಂತ ಬರೆಯಬೇಡಿ. ಗೊತ್ತಿರುವ ಮಿಶ್ರಣಗಳ ಸಾಲು ಪ್ರತಿ ಸ್ಲೈಡಿನ ಅಂಚಿನಲ್ಲಿರಲಿ, ಪಿಇಗೆ ಪಕ್ಕದ ಕೊಯ್ತವನ್ನು ನೆಗೆಟಿವ್‌ನಲ್ಲಿ ಓಡಿಸಿ. ಈಗ ಬಿಳಿ ಭಾಗದಲ್ಲಿ 788.6, ಬೂದು ಭಾಗದಲ್ಲಿ 834.6 ಗೆರೆ ಕೊರೆದಂತೆ ಬೇರೆಯಾಗಿ ಕಾಣುತ್ತವೆ.

ನಮ್ಮ ತೊಗರಿ ಕಾಳಿನ ಮೇಲೂ ಕೈಯಾಡಿಸಿದೆ. ಒಣಗಿದ್ದು ಬ್ಲೇಡಿಗೆ ಪುಡಿಯಾಗುತ್ತದೆ. ನೆನೆಸಿ ಕೊಯ್ದರೆ ಫಾಸ್ಫೋಲಿಪೇಸ್ ಡಿ ಎಂಬ ಕಿಣ್ವ ಎಚ್ಚೆತ್ತು ಪೊರೆಯ ಲಿಪಿಡ್ಡನ್ನು ಫಾಸ್ಫಾಟಿಡಿಕ್ ಆಮ್ಲ ಮಾಡಿಬಿಡುತ್ತದೆ. ಸದ್ಯ ಒಣ ಕಾಳಿಗೇ ಟೇಪ್ ಅಂಟಿಸಿ ಕೊಯ್ಯುತ್ತಿದ್ದೇನೆ, ಹತ್ತರಲ್ಲಿ ಮೂರು ಇಡಿಯಾಗಿ ಬರುತ್ತಿವೆ.