ಮಗುವಿನ ಖರ್ಚು: ಎಷ್ಟು ಅನ್ನೋದಕ್ಕಿಂತ ಮುಂಚೆ ಯಾವಾಗ ಅನ್ನೋದು

ಪುಣೆಯ ಹತ್ತಿರ ಭೋಸರಿಯ ಒಂದು ಕಂಪನಿಯಲ್ಲಿ ನನ್ನದು ಅಕೌಂಟ್ಸ್ ಕೆಲಸ. ಯಾವ ತಾರೀಕಿಗೆ ದುಡ್ಡು ಬರುತ್ತದೆ, ಯಾವ ತಾರೀಕಿಗೆ ಹೋಗುತ್ತದೆ ಅಂತ ನೋಡುವುದೇ ದಿನವಿಡೀ ಕಸುಬು. ಹಾಗಾಗಿ ನಾನು ಬಸಿರಾದಾಗ ನಮ್ಮನೆಯವರು "ಒಟ್ಟು ಎಷ್ಟಾಗಬಹುದು?" ಅಂತ ಕೇಳಿದರೆ ಆ ಪ್ರಶ್ನೆ ಅರ್ಧವೇ ಅನ್ನಿಸಿತು. ವರ್ಷಕ್ಕೆ ಮೂರು ಲಕ್ಷ ಅಂತ ಬರೆದಿಟ್ಟರೆ ಏನು ಬಂತು? ಅದರಲ್ಲಿ ಅರ್ಧ ಒಂದೇ ವಾರದಲ್ಲಿ ಕೈಬಿಟ್ಟು ಹೋಗುತ್ತದೆ. ಇನ್ಶೂರೆನ್ಸಿನ ದುಡ್ಡು ಎಷ್ಟೋ ದಿನ ಆದ ಮೇಲೆ ಬರುತ್ತದೆ. ಅದಕ್ಕೆ ಐದನೇ ತಿಂಗಳಿಂದ ಮಗುವಿನ ಮೊದಲ ಹುಟ್ಟುಹಬ್ಬದವರೆಗೆ ಒಂದು ಹಾಳೆಯಲ್ಲಿ ತಿಂಗಳು ತಿಂಗಳ ಲೆಕ್ಕ ಬರೆದೆ. ಎಡಕ್ಕೆ ಬರುವುದು, ಬಲಕ್ಕೆ ಹೋಗುವುದು.

ಎಡಗಡೆಯಿಂದಲೇ ಶುರು ಮಾಡಿದೆ. ಜಾಸ್ತಿ ಜನ ತೊಟ್ಟಿಲು, ಬಟ್ಟೆ ಅಂತ ಬಲಗಡೆಯಿಂದ ಶುರು ಮಾಡುತ್ತಾರೆ. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಹೆರಿಗೆಯ ನಿರೀಕ್ಷಿತ ತಾರೀಕಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ಹೆರಿಗೆಗೆ ಮುಂಚೆ ಇದರಲ್ಲಿ 8 ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಕಂಪನಿ ತಾನೇ ಉಚಿತ ಆರೈಕೆ ಕೊಡದಿದ್ದರೆ 3,500 ರೂಪಾಯಿ ಮೆಡಿಕಲ್ ಬೋನಸ್ ಕೂಡ ಉಂಟು. ಸಣ್ಣ ಮೊತ್ತ, ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಇದೆಲ್ಲ ನಾನು ಮಾತಿನಲ್ಲಿ ಮುಗಿಸದೆ ಇಮೇಲ್‌ನಲ್ಲಿ ಕೇಳಿ, ಉತ್ತರ ಪಡೆದುಕೊಂಡೆ.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಇದೆ. ನಮ್ಮನೆಯವರು ಚಾಕಣದ ಫ್ಯಾಕ್ಟರಿಯಲ್ಲಿದ್ದಾರೆ. ತಿಂಗಳ ಖರ್ಚಿನ ದೊಡ್ಡ ಪಾಲು ಅವರ ಓವರ್‌ಟೈಮಿನಿಂದಲೇ ಸರಿದೂಗುತ್ತಿತ್ತು. ಮಗು ಹುಟ್ಟಿದ ಮೇಲೆ ರಾತ್ರಿ ಪಾಳಿಗೆ ಯಾರು ಹೋಗುತ್ತಾರೆ? ಅದಕ್ಕೆ ಕೆಲವು ತಿಂಗಳು ಆ ಸಾಲಿನಲ್ಲಿ ಸೊನ್ನೆ ಬರೆದೆ. ಅವರಿಗೆ ಇಷ್ಟ ಆಗಲಿಲ್ಲ. ನಾನು ಅಳಿಸಲಿಲ್ಲ.

ಆಸ್ಪತ್ರೆ ಖರ್ಚಿಗೆ ಎರಡು ಮೂರು ಕಡೆ ವಿಚಾರಿಸಿದೆವು. ಚಿಂಚವಾಡದ ಕಡೆ ನಮಗೆ ಸಿಕ್ಕ ಲೆಕ್ಕ ನಾರ್ಮಲ್‌ಗೆ ಐವತ್ತು ಅರವತ್ತು ಸಾವಿರ, ಸಿಸೇರಿಯನ್‌ಗೆ ಒಂದು ಲಕ್ಷದ ಆಸುಪಾಸು. ಹಾಳೆಯಲ್ಲಿ ಸಿಸೇರಿಯನ್ ಅಂತಲೇ ಬರೆದೆ, ಉಳಿದರೆ ಉಳಿಯಲಿ. ಪ್ಯಾಕೇಜ್ ಎಷ್ಟು ಅಂತ ಕೇಳಿ ಬಿಡಬಾರದು, ಅದರಲ್ಲಿ ಏನಿಲ್ಲ ಅಂತ ಕೇಳಬೇಕು. ಮಕ್ಕಳ ಡಾಕ್ಟರ ಫೀಜು, ಔಷಧಿ, ಒಂದು ದಿನ ಜಾಸ್ತಿ ಉಳಿದರೆ ಆಗುವ ಖರ್ಚು, ಹೀಗೆ ಪಟ್ಟಿ ಉದ್ದಕ್ಕೆ ಬರುತ್ತದೆ. ಹುಟ್ಟಿದ ಗಳಿಗೆಯಿಂದ ಮಗು ಬೇರೆ ರೋಗಿ. ಅದರ ಫೈಲ್ ಬೇರೆ, ಬಿಲ್ ಬೇರೆ. ನಮ್ಮ ಮಗಳನ್ನು ಕಾಮಾಲೆಗೆ ಲೈಟಿನ ಕೆಳಗೆ ಇಟ್ಟರು. ಹಸುಗೂಸುಗಳಿಗೆ ಇದು ತೀರ ಸಾಮಾನ್ಯ, ಗಾಬರಿಯ ವಿಷಯ ಅಲ್ಲ, ಆದರೆ ಬಿಲ್ ಬರುತ್ತದೆ. "ಮಗುವಿನ ಬಿಲ್" ಅಂತ 25 ಸಾವಿರ ಬೇರೆಯೇ ಎತ್ತಿಟ್ಟಿದ್ದರಿಂದ ಆ ದಿನ ಯಾರಿಗೂ ಫೋನ್ ಮಾಡಬೇಕಾಗಲಿಲ್ಲ.

ಇನ್ಶೂರೆನ್ಸ್ ನಮ್ಮನೆಯವರ ಕಂಪನಿಯದು. ಹೆರಿಗೆಗೆ 50 ಸಾವಿರದ ಮಿತಿ. ಸ್ವಂತ ಪಾಲಿಸಿ ತೆಗೆದುಕೊಳ್ಳುವವರು ಗಮನಿಸಿ: ಬಹಳಷ್ಟು ಪಾಲಿಸಿಗಳಲ್ಲಿ ಹೆರಿಗೆ ಖರ್ಚಿಗೆ ವರ್ಷಗಟ್ಟಲೆ ಕಾಯುವ ಅವಧಿ ಇರುತ್ತದೆ, ಬಸಿರಾದ ಮೇಲೆ ಕೊಂಡರೆ ಉಪಯೋಗವಿಲ್ಲ. ರೂಮಿನ ಬಾಡಿಗೆಗೂ ಮಿತಿ ಇರುತ್ತದೆ. ಅದನ್ನು ಮೀರಿದ ರೂಮು ಹಿಡಿದರೆ ಬರೀ ಬಾಡಿಗೆಯ ವ್ಯತ್ಯಾಸ ಕೊಟ್ಟು ಮುಗಿಯುವುದಿಲ್ಲ. ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ ಫೀಜು, ಆಪರೇಷನ್ ಥಿಯೇಟರಿನ ಖರ್ಚೂ ಅದೇ ಪ್ರಮಾಣದಲ್ಲಿ ಕಡಿತ ಆಗುತ್ತದೆ. ಇಬ್ಬರು ಹಂಚಿಕೊಳ್ಳುವ ಟ್ವಿನ್ ಶೇರಿಂಗ್ ರೂಮು ಸಾಕು ಅಂದೆ. ಮಗುವಿನ ಹೆಸರು ಪಾಲಿಸಿಗೆ ಸೇರಿಸಲು ಕೊನೇ ತಾರೀಕು ಯಾವುದು ಅಂತ ಎಚ್‌ಆರ್‌ಗೆ ಮುಂಚೆಯೇ ಕೇಳಿ, ಫೋನಿನಲ್ಲಿ ರಿಮೈಂಡರ್ ಹಾಕಿದ್ದೆವು.

ಈಗ ಬಾಣಂತನ. ಮೊದಲನೇ ಹೆರಿಗೆ ತವರಿನಲ್ಲಿ ಅನ್ನುವುದು ನಮ್ಮ ಕಡೆಯ ಪದ್ಧತಿ, ಖರ್ಚೂ ತವರಿನದೇ. ನನಗೆ ಡಾಕ್ಟರು ಬದಲಾಯಿಸುವ ಮನಸ್ಸಿರಲಿಲ್ಲ. ಅವ್ವನೇ ಧಾರವಾಡದಿಂದ ಬಂದಳು. ಬರುವಾಗ ಹಳೇ ಧೋತರ, ಮೆತ್ತಗಾದ ಕಾಟನ್ ಸೀರೆ, ಹೊಲಿದಿಟ್ಟ ಕುಲಾವಿ, ದುಪ್ಪಟಿ, ಒಂದು ಚೀಲ ತುಂಬ ತಂದಳು. ಆ ಚೀಲದ ಬೆಲೆ ನನ್ನ ಹಾಳೆಯಲ್ಲಿಲ್ಲ. ಮೊದಲ ಮೂರು ತಿಂಗಳು ಅಂಗಡಿಯ ಬಟ್ಟೆ ಹೆಚ್ಚುಕಡಿಮೆ ಬೇಕಾಗಲೇ ಇಲ್ಲ. ಅಂಟಿನ ಉಂಡೆಗೆ ಅಂಟು, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ ರವಿವಾರ ಪೇಟೆಯಿಂದ ತಂದೆವು. ತುಪ್ಪ ಸೇರಿಸಿ ಹತ್ತಿರ ಹತ್ತಿರ ನಾಲ್ಕು ಸಾವಿರ. ಡಬ್ಬಿಯಲ್ಲಿ ಸಿಗುವ ರೆಡಿ ಲಾಡುಗಳ ಬೆಲೆ ನೋಡಿ ಅವ್ವ "ಬಂಗಾರ ಹಾಕ್ಯಾರೇನ ಇದ್ರಾಗ?" ಅಂದಳು.

ಎಣ್ಣೆ ಹಚ್ಚಿ ಎರೆಯಲು ಮಾಲೀಶ್ ಬಾಯಿ ಬೇಕಾಗಿತ್ತು. ಅವ್ವನ ಮಂಡಿನೋವಿಗೆ ಕಾಲು ಚಾಚಿ ಕೂತು ಮಗು ಎರೆಯುವುದು ಆಗುವ ಮಾತಲ್ಲ. ತಾಯಿ ಮಗು ಇಬ್ಬರಿಗೂ ಸೇರಿ ದಿನಕ್ಕೆ 400 ರೂಪಾಯಿ ಹೇಳಿದಳು. ತಿಂಗಳಿಗೆ 12 ಸಾವಿರ! ಹಾಳೆಯಲ್ಲಿ ಆಸ್ಪತ್ರೆ ಬಿಟ್ಟರೆ ಇದೇ ದೊಡ್ಡ ಸಾಲು. ನಮ್ಮನೆಯವರು ಕಡಿಮೆ ಮಾಡೋಣ ಅಂದರು. ನಾನು ಒಪ್ಪಲಿಲ್ಲ, ಬೇಕಾದರೆ ಮಗುವಿನ ತಳ್ಳುಗಾಡಿ (ಸ್ಟ್ರಾಲರ್) ಬೇಡ ಅಂದೆ. ನಮ್ಮ ರಸ್ತೆಯಲ್ಲಿ ಅದನ್ನು ತಳ್ಳಲು ಫುಟ್‌ಪಾತ್ ಎಲ್ಲಿದೆ? ತೊಟ್ಟಿಲು ನಾದಿನಿಯ ಮನೆಯದು, ಹೊಸ ಹಗ್ಗ ಅಷ್ಟೇ ತಂದೆವು.

ಹುಟ್ಟುವ ಮುಂಚೆ ಏನೂ ಕೊಳ್ಳಬಾರದು ಅಂತ ಅತ್ತೆಯ ಕಟ್ಟುನಿಟ್ಟು. ವಾದ ಮಾಡಲಿಲ್ಲ. ತುಳಶಿಬಾಗ್ ಮಾರುಕಟ್ಟೆಯಿಂದ ಏನೇನು ತರಬೇಕು ಅಂತ ಚೀಟಿ ಬರೆದು, ದುಡ್ಡು ಸಮೇತ ಮೈದುನನ ಕೈಗೆ ಕೊಟ್ಟಿದ್ದೆ. ಹೆರಿಗೆಯ ದಿನ ಅವಸರದಲ್ಲಿ ಸಿಕ್ಕಿದ್ದನ್ನು ಸಿಕ್ಕ ಬೆಲೆಗೆ ತರುವುದು ತಪ್ಪಿತು.

ಡೈಪರ್ ಲೆಕ್ಕವನ್ನು ಪುಣೆಯ ಮಳೆಯೇ ಬರೆಯಿತು. ಮಗಳು ಹುಟ್ಟಿದ್ದು ಜುಲೈನಲ್ಲಿ. ಹಗಲು ಲಂಗೋಟಿ, ರಾತ್ರಿ ಮಾತ್ರ ಡೈಪರ್ ಅಂತ ಎಲ್ಲರೂ ಸಲಹೆ ಕೊಡುತ್ತಾರೆ, ಬಿಸಿಲಿರುವ ಊರಲ್ಲಿ ಕೂತು. ಒಂದು ಬಾಲ್ಕನಿಯಲ್ಲಿ, ಹಿಡಿದ ಮಳೆಯಲ್ಲಿ, ದಿನಕ್ಕೆ ಹನ್ನೆರಡು ಹದಿನೈದು ಬಟ್ಟೆ ಒಣಗಿಸಿ ನೋಡಿ! ಡೈಪರ್ ಒಂದಕ್ಕೆ ಹತ್ತು ರೂಪಾಯಿ ಹಿಡಿದು ಸೆಪ್ಟೆಂಬರ್ ಕೊನೆಯವರೆಗೆ ತಿಂಗಳಿಗೆ 2,500 ಇಟ್ಟೆ, ಅಕ್ಟೋಬರ್‌ನಿಂದ 1,000. ಸೈಜ್ ಬೇಗ ಬದಲಾಗುವುದರಿಂದ ಆಫರ್ ಇದೆ ಅಂತ ದೊಡ್ಡ ಪ್ಯಾಕ್ ತುಂಬಿಸಿಡಲಿಲ್ಲ.

ಲಸಿಕೆಯಲ್ಲಿ ನಿಜವಾಗಿಯೂ ದುಡ್ಡು ಉಳಿಯಿತು. 6, 10, 14 ವಾರದ ಸೂಜಿಗಳಿಗೆ ಖಾಸಗಿಯಲ್ಲಿ ಒಂದೊಂದು ಸುತ್ತಿಗೂ ಏಳೆಂಟು ಸಾವಿರ ಅಂದರು. ಅದೇ ವಯಸ್ಸಿನ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಸೂಜಿ), ರೋಟಾವೈರಸ್ (ಭೇದಿಯ ಲಸಿಕೆ), ಪೋಲಿಯೊ ಮಹಾನಗರಪಾಲಿಕೆಯ ದವಾಖಾನೆಯಲ್ಲಿ ಉಚಿತ. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯೂ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಪಟ್ಟಿಯಲ್ಲಿದೆ. ಖಾಸಗಿಯ "ನೋವಿಲ್ಲದ" ಸೂಜಿಯಲ್ಲಿ ಜ್ವರ ಕಡಿಮೆ ಬರುತ್ತದೆ, ಅದು ನಿಜ. ನಮ್ಮ ಮಕ್ಕಳ ಡಾಕ್ಟರನ್ನೇ ಕೇಳಿದೆ. ಸರ್ಕಾರಿಯದು ಧಾರಾಳವಾಗಿ ಹಾಕಿಸಿ ಅಂದರು. ಫ್ಲೂ, ಟೈಫಾಯ್ಡ್ ಲಸಿಕೆ ಮಾತ್ರ ದುಡ್ಡು ಕೊಟ್ಟು ಹಾಕಿಸಿದೆವು.

ನಾಮಕರಣ ಮನೆಯಲ್ಲೇ, ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಆಯೇರಿಗೆ ಫ್ರಾಕು ತರಬೇಡಿ ಅಂತ ಹತ್ತಿರದವರಿಗೆ ಸುಮ್ನೆ ಬಾಯಿಬಿಟ್ಟು ಹೇಳಿದೆ. ಬಂದ ನಗದು ಹೆಣ್ಣುಮಕ್ಕಳ ಸರ್ಕಾರಿ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿ ಖಾತೆಗೆ ಹೋಯಿತು. ಅದರಲ್ಲಿ ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ನಡೆಯುತ್ತದೆ. ಕೈ ಬಿಗಿ ಇರುವ ವರ್ಷ ದೊಡ್ಡ ಕಂತಿನ ಪಾಲಿಸಿ ಮಾರಲು ಬರುವ ಪರಿಚಯಸ್ಥರಿಗಿಂತ ಇದು ವಾಸಿ ಅಲ್ವಾ? ಖಾತೆಗೆ ಜನನ ಪ್ರಮಾಣಪತ್ರ ಬೇಕು. 21 ದಿನದೊಳಗೆ ನೋಂದಣಿಯಾದರೆ ಶುಲ್ಕವಿಲ್ಲ. ಹೆಸರು ಇನ್ನೂ ಇಟ್ಟಿರದಿದ್ದರೆ ವರ್ಷದೊಳಗೆ ಉಚಿತವಾಗಿ ಸೇರಿಸಬಹುದು.

ಜನವರಿಯಲ್ಲಿ ಕೆಲಸಕ್ಕೆ ವಾಪಸ್ ಹೋದೆ. ಪಾಳಣಾಘರಿಗೆ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಕಡೆಗೆ, ಪೂರ್ತಿ ದಿನಕ್ಕೆ ತಿಂಗಳಿಗೆ ಎಂಟು ಸಾವಿರ, ಅರ್ಧ ದಿನಕ್ಕೆ ಐದು ಕೇಳಿದರು. ಮಧ್ಯಾಹ್ನದವರೆಗೆ ಅಲ್ಲಿ, ಆಮೇಲೆ ಅತ್ತೆಯ ಹತ್ತಿರ ಅಂತ ಮಾಡಿಕೊಂಡೆವು. ಮಾಲೀಶ್ ಬಾಯಿಯ ಸಾಲು ಅಷ್ಟೊತ್ತಿಗೆ ಮುಗಿದಿತ್ತು. ನಮ್ಮನೆಯವರ ಓವರ್‌ಟೈಮ್ ಸಾಲಿನಲ್ಲಿ ಸೊನ್ನೆಯ ಬದಲು ಅಂಕಿ ಬರತೊಡಗಿದ್ದೂ ಅದೇ ತಿಂಗಳು.